ಬೀಜಕ್ಕೆ ಹೆಸರಿಲ್ಲ, ಬರೀ ನಂಬರು

ಸಂಪಾದಕರಿಗೆ,

ನಮಸ್ಕಾರ. ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಕೃಷಿ ಬಗ್ಗೆ ಒಂದು ಲೇಖನ ಬಂದಿತ್ತು. ದೊಡ್ಡ ಕಂಪನಿಗಳು ಕೈ ಹಾಕದಿದ್ದರೆ ಇಷ್ಟು ಜನರ ಹೊಟ್ಟೆ ತುಂಬಿಸುವುದು ಆಗದ ಮಾತು, ಸ್ಥಳೀಯ ಆಹಾರ ಅನ್ನುವುದು ಉಂಡು ಕೂತವರ ಹವ್ಯಾಸ ಎಂದು ಅದರಲ್ಲಿ ಬರೆದಿತ್ತು. ಅರ್ಧ ಒಪ್ಪಿದೆ. ಇನ್ನರ್ಧ ಗಂಟಲಲ್ಲಿ ಇಳಿಯಲಿಲ್ಲ. ಆ ಇನ್ನರ್ಧಕ್ಕೆ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ. ನಾನು ದೂರ ನಿಂತು ಬೈಯುವವನಲ್ಲ. 22 ವರ್ಷ ಖಾಸಗಿ ಬೀಜ ಕಂಪನಿಯೊಂದರ ಉಪ್ಪು ತಿಂದವನು. ಹೈಬ್ರಿಡ್ ಬೀಜ, ಅಂದರೆ ಎರಡು ತಳಿ ಸೇರಿಸಿ ಮಾಡುವ ಬೀಜ, ಬೆಳೆಸುವ ಹೊಲಗಳ ಮೇಲ್ವಿಚಾರಣೆ ನನ್ನ ಕೆಲಸ. ಬೆಳಿಗ್ಗೆ ಬೈಕ್ ಹತ್ತಿದರೆ ಹೊಲದಿಂದ ಹೊಲಕ್ಕೆ, ಸಂಜೆ ಕಚೇರಿಗೆ ಬಂದು ರಿಜಿಸ್ಟರ್ ತುಂಬುವುದು. ಬೀಜ ಎಲ್ಲಿಂದ ಬರುತ್ತದೆ ಎಂದರೆ ಹೆಚ್ಚಿನವರು ಅಂಗಡಿ ತೋರಿಸುತ್ತಾರೆ. ಅಂಗಡಿಯ ಹಿಂದೆ ಏನಿದೆ ಅನ್ನುವುದನ್ನು ನಾನು ನೋಡಿದ್ದೇನೆ.

ಟೊಮೆಟೊ ತಗೊಳ್ಳಿ. ಅದರ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ಸುಮ್ನೆ ಬಿಟ್ಟರೆ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ. ಹೈಬ್ರಿಡ್ ಬೇಕೆಂದರೆ ಅದನ್ನು ತಡೆಯಬೇಕು. ಹೆಣ್ಣು ಸಾಲಿನ, ಅಂದರೆ ತಾಯಿಯಾಗಿ ಬಳಸುವ ತಳಿಯ, ಗಿಡದಲ್ಲಿ ನಾಳೆ ಅರಳಬೇಕಾದ ಮೊಗ್ಗನ್ನು ಹುಡುಕಿ, ಚಿಮಟದಲ್ಲಿ ಬಿಡಿಸಿ, ಒಳಗಿನ ಗಂಡು ಕೇಸರವನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಪರಾಗ ತುಂಬಿಕೊಳ್ಳಲು ಒಂದು ಪುಟ್ಟ ಬಟ್ಟಲು ಇರುತ್ತದೆ, ಬೆರಳಿಗೆ ಉಂಗುರದ ಹಾಗೆ ಹಾಕಿಕೊಳ್ಳುವಂಥದ್ದು. ಹೂವಿನ ತುದಿಯನ್ನು ಅದರಲ್ಲಿ ಅದ್ದಿ, ಗುರುತಿಗೆ ಎರಡು ಪುಷ್ಪಪತ್ರದ ತುದಿ ಕತ್ತರಿಸಿ ಮುಂದಿನ ಹೂವಿಗೆ ಹೋಗಬೇಕು. ಕಾಯಿ ಬಿಡಿಸುವಾಗ ಆ ಗುರುತಿಲ್ಲದ ಹಣ್ಣನ್ನು ತೆಗೆದು ಎಸೆಯುತ್ತಾರೆ. ಹೊಲದಲ್ಲಿ ಇದಕ್ಕೆಲ್ಲ ಸೇರಿ ಒಂದೇ ಮಾತು, ಕ್ರಾಸಿಂಗ್. ಮಾಡುವವರು ಬಹುತೇಕ ಹೆಣ್ಣುಮಕ್ಕಳು. ದಿನಕ್ಕೆ ಎಷ್ಟು ನೂರು ಹೂವು ಎಂದು ಅವರೂ ಎಣಿಸುವುದಿಲ್ಲ. ಎರಡು ವಾರ ಕಳೆದರೆ ಕತ್ತು ತಿರುಗಿಸಲು ಆಗುವುದಿಲ್ಲ ಎನ್ನುತ್ತಿದ್ದರು. ಕಂಪನಿಯ ಪ್ರಯೋಗಾಲಯ, ವಿಜ್ಞಾನಿ, ಮೈಕ್ರೋಸ್ಕೋಪು ಎಲ್ಲ ಜಾಹೀರಾತಿನಲ್ಲಿ ಬರುತ್ತವೆ. ಈ ಉಂಗುರ ನಾನು ನೋಡಿದ ಯಾವ ಜಾಹೀರಾತಿನಲ್ಲೂ ಇರಲಿಲ್ಲ.

ಬೆಳೆಗಾರರಿಗೆ ನಾವು ಕೊಡುತ್ತಿದ್ದದ್ದು ಎರಡು ಪೊಟ್ಟಣ. ಒಂದು ಗಂಡು, ಒಂದು ಹೆಣ್ಣು. ಮೇಲೆ ಹೆಸರಿಲ್ಲ, ಬರೀ ನಂಬರು. ಯಾವ ತಳಿಗೆ ಯಾವ ತಳಿ ಸೇರಿಸಿದರೆ ಯಾವ ಹೈಬ್ರಿಡ್ ಬರುತ್ತದೆ ಅನ್ನುವುದೇ ಕಂಪನಿಯ ಗುಟ್ಟು. ಆ ಗುಟ್ಟು ನನಗೂ ಗೊತ್ತಿರಲಿಲ್ಲ. ಒಬ್ಬ ಹಿರಿಯ ಬೆಳೆಗಾರರು ಒಮ್ಮೆ ಬದುವಿನ ಮೇಲೆ ಕೂತು ಕೇಳಿದರು: "ಸಾರ್, ನಾನು ಬೆಳೀತಿರೋದು ಯಾವ ತಳಿ? ಮಗಳು ಕೇಳ್ತಾಳೆ, ಹೇಳೋಕೆ ಬರಲ್ಲ." ನಾನು, "ನಂಬರ್ ಹೇಳಿ ಸಾಕು ಯಜಮಾನರೇ," ಎಂದು ನಕ್ಕುಬಿಟ್ಟೆ. ಅವರು ನಗಲಿಲ್ಲ. ಸ್ವಂತ ಹೊಲ, ಸ್ವಂತ ನೀರು, ಮನೆಮಂದಿಯ ದುಡಿಮೆ. ಬೆಳೆಯುತ್ತಿರುವುದರ ಹೆಸರು ಮಾತ್ರ ಗೊತ್ತಿಲ್ಲ.

ಅದೇ ಬೆಳೆಗಾರರ ಲಾಟ್, ಅಂದರೆ ಅವರು ಬೆಳೆದು ಒಪ್ಪಿಸಿದ ಬೀಜದ ರಾಶಿ, ಆ ವರ್ಷ ಫೇಲ್ ಆಯಿತು. ಬೀಜ ಕಂಪನಿಗೆ ಬಂದ ಮೇಲೆ ಸ್ವಲ್ಪವನ್ನು ಮತ್ತೆ ಬಿತ್ತಿ, ಬೆರಕೆ ಗಿಡ ಎಷ್ಟಿವೆ ಎಂದು ಎಣಿಸುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ದುಡ್ಡು ಬರುವುದು ಅದಾದ ಮೇಲೆ. ಅವರ ಲಾಟ್‌ನಲ್ಲಿ ಬೆರಕೆ ಜಾಸ್ತಿ ಬಂತು. ಹಾಗೆ ಫೇಲ್ ಆದದ್ದು ಅವರೊಬ್ಬರದೇ ಅಲ್ಲ. ಅದೇ ಚೀಲದಿಂದ ಪೇರೆಂಟ್ ಬೀಜ, ಅಂದರೆ ಆ ಗಂಡು ಹೆಣ್ಣು ಪೊಟ್ಟಣದ ಬೀಜ, ತೆಗೆದುಕೊಂಡ ಮೂವರದೂ ಅದೇ ರೀತಿ, ಅದೇ ಆಕಾರದ ಬೆರಕೆ ಗಿಡ. ಮೂರು ಹೊಲಗಳೂ ಒಂದಕ್ಕೊಂದು ದೂರ. ನಾವು ಕೊಟ್ಟ ಬೀಜದಲ್ಲೇ ತಪ್ಪಿತ್ತು ಎಂದು ಊಹಿಸಲು ದೊಡ್ಡ ಬುದ್ಧಿ ಬೇಕಿಲ್ಲ. ಮೇಲಿನವರಿಗೆ ಹೇಳಿದೆ. "ಅಂತರ ಕಾಯ್ದಿಲ್ಲ ಅಂತ ಬರೀರಿ," ಎಂದರು. ಪಕ್ಕದ ಬೆಳೆಯಿಂದ ಪರಾಗ ಬಂದಿದೆ, ತಪ್ಪು ಬೆಳೆಗಾರನದು ಎಂದು ಅದರ ಅರ್ಥ. ಬರೆದೆ. ಸಹಿ ಹಾಕಿದೆ. ಮೂವರಿಗೂ ದುಡ್ಡು ಸಿಗಲಿಲ್ಲ. ಆ ಬೀಜವನ್ನು ಹೊರಗೆ ಮಾರುವ ಹಾಗೂ ಇರಲಿಲ್ಲ, ಒಪ್ಪಂದದಲ್ಲಿ ಹಾಗೆ ಇತ್ತು. ಒಪ್ಪಂದ ಇಂಗ್ಲಿಷಿನಲ್ಲಿತ್ತು.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನೀವು ಅಚ್ಚು ಹಾಕಿದರೆ ನನ್ನ ಹೆಸರು ಬಿಟ್ಟು ಹಾಕಿ.

ಈಗ ಲೇಖಕರ ಕಡೆ ನಿಂತು ಒಂದು ಮಾತು. ಹೈಬ್ರಿಡ್ ಮೋಸ ಅಲ್ಲ. ಎರಡು ದೂರದ ತಳಿ ಸೇರಿದಾಗ ಮೊದಲ ತಲೆಮಾರಿಗೆ ಬರುವ ಕಸುವು ನಿಜವಾದದ್ದು. 1930ರ ದಶಕದಲ್ಲಿ ಅಮೆರಿಕದ ಮೆಕ್ಕೆಜೋಳದ ರೈತರು ಅದಕ್ಕೆ ಮುಗಿಬಿದ್ದದ್ದು ಸುಮ್ನೆ ಅಲ್ಲ. ಇಳುವರಿ ಕಣ್ಣಿಗೆ ಕಾಣುತ್ತಿತ್ತು, ಗಿಡ ಗಾಳಿಗೆ ಬೀಳುತ್ತಿರಲಿಲ್ಲ. ಆದರೆ ಆ ಕಸುವು ಒಂದೇ ತಲೆಮಾರಿನದು. ಅದೇ ಬೆಳೆಯಿಂದ ಬೀಜ ತೆಗೆದಿಟ್ಟು ಮುಂದಿನ ವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ ಗಿಡ್ಡ, ಒಂದು ಬೇಗ, ಒಂದು ತಡ. ಹಾಗಾಗಿ ಪ್ರತಿ ವರ್ಷ ಅಂಗಡಿಗೆ ಹೋಗಲೇಬೇಕು. ಇದು ಯಾರೋ ಹಾಕಿದ ಬೀಗ ಅಲ್ಲ, ಪ್ರಕೃತಿಯೇ ಹಾಕಿದ್ದು. ಕಂಪನಿ ಮಾಡಿದ್ದು ಇಷ್ಟೇ. ಆ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡಿತು.

ಇದಕ್ಕೂ "ಹಸಿರು ಕ್ರಾಂತಿ"ಗೂ ಜನ ಗಂಟು ಹಾಕುತ್ತಾರೆ. ಲೇಖಕರೂ ಹಾಕಿದ್ದಾರೆ. ಅಲ್ಲಿ ನನಗೆ ತಕರಾರು ಇದೆ. ವಿಜ್ಞಾನಿ ನಾರ್ಮನ್ ಬೋರ್ಲಾಗ್ ಮೆಕ್ಸಿಕೊದಲ್ಲಿ ಬೆಳೆಸಿದ ಗಿಡ್ಡ ಗೋಧಿ, ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಅಕ್ಕಿ ಸಂಶೋಧನಾ ಸಂಸ್ಥೆ 1966ರಲ್ಲಿ ಬಿಡುಗಡೆ ಮಾಡಿದ ಐಆರ್8 ಭತ್ತ, ಇವು ಯಾವುವೂ ಕಂಪನಿಯ ಬೀಜಗಳಲ್ಲ, ಹೈಬ್ರಿಡ್‌ಗಳೂ ಅಲ್ಲ. ದಾನಿ ಸಂಸ್ಥೆಗಳ ಮತ್ತು ಸರ್ಕಾರಗಳ ದುಡ್ಡಿನಲ್ಲಿ ಆದವು. ಯಾವ ದೇಶ ಬೇಕಾದರೂ ತರಿಸಿಕೊಂಡು ತನ್ನ ತಳಿಯೊಂದಿಗೆ ಸೇರಿಸಿಕೊಳ್ಳಬಹುದಿತ್ತು. ರೈತ ಒಮ್ಮೆ ಪಡೆದರೆ ಸಾಕು, ಮುಂದಿನ ವರ್ಷ ತನ್ನ ಕಣಜದಿಂದಲೇ ಬಿತ್ತಬಹುದಿತ್ತು. ಅವುಗಳ ಜೊತೆ ಬಂದ ಗೊಬ್ಬರ, ಕೀಟನಾಶಕ, ನೀರಿನ ದುಂದು, ಅದು ಬೇರೆ ಜಗಳ. ಹಸಿವು ಹಿಂಗಿಸಿದ ಬೀಜದ ಹಿಂದೆ ಇದ್ದದ್ದು ಸಾರ್ವಜನಿಕ ದುಡ್ಡು. ಕೀರ್ತಿಯನ್ನು ಮಾತ್ರ ಇನ್ಯಾರೋ ಹೊತ್ತುಕೊಂಡು ಹೋಗುತ್ತಿದ್ದಾರೆ.

ಒಂದೇ ಬೀಜದ ಅಪಾಯ ಏನು ಎಂದು ಕೇಳುವವರಿಗೆ ನಾನು ಯಾವಾಗಲೂ 1970ರ ಕಥೆ ಹೇಳುತ್ತೇನೆ. ನಮ್ಮ ಕೆಲಸದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೆಕ್ಕೆಜೋಳದಲ್ಲಿ ಗಂಡು ಹೂಗೊಂಚಲು ಗಿಡದ ತುದಿಯಲ್ಲಿ ಇರುತ್ತದೆ. ಹೈಬ್ರಿಡ್ ಮಾಡಲು ಹೆಣ್ಣು ಸಾಲಿನ ಪ್ರತಿ ಗಿಡದ ಆ ಗೊಂಚಲನ್ನು ಪರಾಗ ಉದುರುವ ಮೊದಲೇ ಕೀಳಬೇಕು. ಅಮೆರಿಕದಲ್ಲಿ ಬೇಸಿಗೆ ರಜೆಯ ಹುಡುಗರಿಂದ ಈ ಕೆಲಸ ಮಾಡಿಸುತ್ತಿದ್ದರು. ಖರ್ಚು, ತಲೆನೋವು. ಆಗ ಟೆಕ್ಸಾಸ್‌ನಲ್ಲಿ ಒಂದು ವಿಶೇಷ ಗುಣದ ಗಿಡ ಸಿಕ್ಕಿತು. ಅದರಲ್ಲಿ ಗಂಡು ಹೂ ಇದ್ದರೂ ಪರಾಗವೇ ಹುಟ್ಟುವುದಿಲ್ಲ. ಕೀಳುವ ಕೆಲಸವೇ ಇಲ್ಲ, ಅಲ್ವಾ? ಕಂಪನಿಗಳೆಲ್ಲ ಆ ಗುಣವನ್ನೇ ತಮ್ಮ ತಮ್ಮ ಹೈಬ್ರಿಡ್‌ಗಳಿಗೆ ಸೇರಿಸಿದವು. ಪೊಟ್ಟಣದ ಮೇಲೆ ಹೆಸರು ಬೇರೆ ಬೇರೆ, ಬಣ್ಣ ಬೇರೆ ಬೇರೆ. ಒಳಗೆ ತಾಯಿಯ ಕಡೆಯ ಆ ಗುಣ ಒಂದೇ. 1970ರ ಹೊತ್ತಿಗೆ ಆ ದೇಶದ ಮೆಕ್ಕೆಜೋಳದಲ್ಲಿ ನೂರಕ್ಕೆ ಸುಮಾರು 85 ಭಾಗ ಹೀಗೇ ಆಗಿತ್ತು. ಆ ವರ್ಷ ಎಲೆ ಅಂಗಮಾರಿ ಶಿಲೀಂಧ್ರದ ಒಂದು ಹೊಸ ಬಗೆ ಬಂತು. ಅದು ಹುಡುಕಿಕೊಂಡು ಬಂದ ಹಾಗೆ ಇದೇ ಗುಣದ ಗಿಡಕ್ಕೆ ಹತ್ತಿಕೊಂಡಿತು. ದೇಶದ ಒಟ್ಟು ಬೆಳೆಯಲ್ಲಿ ನೂರಕ್ಕೆ ಸುಮಾರು 15 ಭಾಗ ಒಂದೇ ಹಂಗಾಮಿನಲ್ಲಿ ಹೋಯಿತು. ದಕ್ಷಿಣದ ಕೆಲವು ಹೊಲಗಳಲ್ಲಿ ಏನೂ ಉಳಿಯಲಿಲ್ಲ.

ಅಮೆರಿಕ ಶ್ರೀಮಂತ ದೇಶ, ತಡೆದುಕೊಂಡಿತು. 1845ರ ಐರ್ಲೆಂಡ್ ತಡೆದುಕೊಳ್ಳಲಿಲ್ಲ. ಅಲ್ಲಿ ಬಡವರು ನಂಬಿದ್ದು 'ಲಂಪರ್' ಎಂಬ ಒಂದು ಆಲೂಗಡ್ಡೆ ತಳಿಯನ್ನು. ರೋಗ ಬಂದು ಗಡ್ಡೆ ಕೊಳೆಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಊರು ಬಿಟ್ಟರು. ಅದೇ ವರ್ಷಗಳಲ್ಲಿ ಅಲ್ಲಿಂದ ಧಾನ್ಯ, ದನ, ಬೆಣ್ಣೆ ಹಡಗು ಹತ್ತಿ ಹೊರಗೆ ಹೋಗುತ್ತಲೇ ಇದ್ದವು. ಊಟ ಇತ್ತು. ಬೆಳೆದವರ ತಟ್ಟೆಗೆ ಬರುವ ದಾರಿ ಇರಲಿಲ್ಲ.

ಇನ್ನು ಕಾನೂನಿನ ಬೀಗ. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಭಾರತದಲ್ಲೇ ಹುಟ್ಟಿದ ವಿಜ್ಞಾನಿ ಆನಂದ ಚಕ್ರವರ್ತಿ ಎಣ್ಣೆ ತಿನ್ನುವ ಒಂದು ಬ್ಯಾಕ್ಟೀರಿಯಾ ರೂಪಿಸಿದ್ದರು. ಜೀವ ಇರುವುದಕ್ಕೂ ಪೇಟೆಂಟ್ ಕೊಡಬಹುದು ಎಂದು ಕೋರ್ಟ್ ಹೇಳಿತು. ಐದು ನ್ಯಾಯಮೂರ್ತಿಗಳು ಪರ, ನಾಲ್ವರು ವಿರೋಧ. ಒಂದೇ ಮತದ ಅಂತರ. ಬ್ಯಾಕ್ಟೀರಿಯಾದಿಂದ ಶುರುವಾದದ್ದು ಬೆಳೆಯ ಬೀಜದ ತನಕ ಬಂತು. ಕೆನಡಾದ ರೈತ ಪರ್ಸಿ ಶ್ಮೈಸರ್ ಅವರ ಹೊಲದಲ್ಲಿ ಬೀಜ ಕಂಪನಿ ಮೊನ್ಸಾಂಟೊದ ಪೇಟೆಂಟ್ ಇರುವ ಕೆನೋಲಾ ಎಂಬ ಎಣ್ಣೆಕಾಳಿನ ಬೆಳೆ ಸಿಕ್ಕಿತು. ಆ ಬೀಜ ಅವರು ಕೊಂಡದ್ದಲ್ಲ. ಆದರೂ ತೆಗೆದಿಟ್ಟು ಬಿತ್ತಿದ್ದು ಪೇಟೆಂಟ್ ಉಲ್ಲಂಘನೆ ಎಂದು 2004ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ದುಡ್ಡು ಕಟ್ಟುವುದು ಬೇಡ ಎಂದಿತು, ಅಷ್ಟು ಪುಣ್ಯ.

ಅಮೆರಿಕದ ಇಂಡಿಯಾನಾ ರಾಜ್ಯದ ರೈತ ವರ್ನನ್ ಬೋಮನ್ ಅವರ ಕಥೆ ಇನ್ನೂ ಸ್ವಾರಸ್ಯ. ಅವರು ಮೊದಲ ಬೆಳೆಗೆ ಮೊನ್ಸಾಂಟೊದ ಪೇಟೆಂಟ್ ಇರುವ ಸೋಯಾ ಬೀಜವನ್ನೇ ಕೊಂಡರು, ಒಪ್ಪಂದ ಪಾಲಿಸಿದರು. ತಡವಾಗಿ ಹಾಕುವ ಎರಡನೇ ಬೆಳೆಗೆ ನಂಬಿಕೆ ಕಡಿಮೆ, ಅಷ್ಟು ಖರ್ಚು ಯಾಕೆ ಎಂದು ಧಾನ್ಯದ ಉಗ್ರಾಣದಿಂದ ಸೋಯಾ ಕಾಳು ತಂದು ಬಿತ್ತಿದರು. ಸುತ್ತಲಿನವರೆಲ್ಲ ಅದೇ ಬೀಜ ಬೆಳೆಯುತ್ತಿದ್ದರಿಂದ ಆ ಕಾಳಿನಲ್ಲೂ ಪೇಟೆಂಟಿನ ಅದೇ ಗುಣ ಇತ್ತು. ಕೇಸು ಬಿತ್ತು. ಕಾಳು ತಾನಾಗಿ ಮರಿ ಹಾಕುತ್ತದೆ, ನಾನೇನು ಮಾಡಲಿ ಎಂಬುದು ಅವರ ವಾದದ ಒಂದು ಭಾಗ. ಇದು ಕಾಳಿನ ಮೇಲೆ ಗೂಬೆ ಕೂರಿಸುವ ವಾದ ಎಂಬ ಧಾಟಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಅದನ್ನು ತಳ್ಳಿಹಾಕಿದರು. 2013ರಲ್ಲಿ ತೀರ್ಪು, ಒಬ್ಬರದೂ ಭಿನ್ನಮತ ಇಲ್ಲ. 84,000 ಡಾಲರಿಗೂ ಹೆಚ್ಚು ಕಟ್ಟಬೇಕಾಯಿತು. ಕಾನೂನಿನ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಕಾಳು ಅಂದರೆ ಬಿತ್ತಿದರೆ ಮೊಳೆಯುವುದು ಎಂಬ ಮಾತಿಗೆ ವಕೀಲರನ್ನು ಇಡಬೇಕಾದ ಕಾಲ ಬಂತಲ್ಲ, ಅದನ್ನು ನೆನೆದರೆ ನನಗೆ ಈಗಲೂ ವಿಚಿತ್ರ ಅನಿಸುತ್ತದೆ.

ಭಾರತದ ಕಾನೂನು ಈ ವಿಷಯದಲ್ಲಿ ಎಷ್ಟೋ ವಾಸಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ನೋಂದಾಯಿಸಿದ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರಾಂಡ್ ಹಾಕಿ ಮಾರುವ ಹಾಗಿಲ್ಲ, ಅಷ್ಟೇ. ಇಷ್ಟಿದ್ದೂ 2019ರಲ್ಲಿ ಪೆಪ್ಸಿಕೋ ಕಂಪನಿ ಎಫ್‌ಎಲ್ 2027 ಎಂಬ ಆಲೂಗಡ್ಡೆ ತಳಿಗಾಗಿ ಗುಜರಾತಿನ ರೈತರ ಮೇಲೆ ಕೇಸು ಹಾಕಿತು. ಅದರಲ್ಲಿ ನಾಲ್ವರಿಂದ ತಲಾ 1.05 ಕೋಟಿ ರೂಪಾಯಿ ಕೇಳಿತು. ಗಲಾಟೆ ಎದ್ದ ಮೇಲೆ ಕೇಸು ವಾಪಸ್ ತೆಗೆದುಕೊಂಡಿತು. 2021ರ ಡಿಸೆಂಬರಿನಲ್ಲಿ ಈ ಕಾಯ್ದೆಯ ಪ್ರಾಧಿಕಾರ ಆ ತಳಿಯ ನೋಂದಣಿ ರದ್ದು ಮಾಡಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಕಂಪನಿಯ ಪರ ತೀರ್ಪು ಕೊಟ್ಟಿತು. ಗಮನಿಸಿ, ಆ ತಳಿಗೂ ಒಂದು ನಂಬರೇ ಹೆಸರು.

ಈ ವ್ಯಾಪಾರ ಎಷ್ಟು ಕೈಗಳಲ್ಲಿದೆ? ನಾನು ಕೆಲಸಕ್ಕೆ ಸೇರಿದಾಗ ಪ್ರತಿಸ್ಪರ್ಧಿಗಳ ಹೆಸರು ಬಾಯಿಪಾಠ ಮಾಡಬೇಕಿತ್ತು, ಅಷ್ಟಿದ್ದವು. 2017ರಲ್ಲಿ ಚೀನಾದ ಸರ್ಕಾರಿ ಕಂಪನಿ ಕೆಮ್‌ಚೈನಾ ಸಿಂಜೆಂಟಾವನ್ನು 43 ಶತಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಡೌ ಮತ್ತು ಡುಪಾಂಟ್ ಒಂದಾದವು, ಅವುಗಳ ಕೃಷಿ ವಿಭಾಗ 2019ರಲ್ಲಿ ಕೊರ್ಟೆವಾ ಆಯಿತು. 2018ರಲ್ಲಿ ಬೇಯರ್ ಸುಮಾರು 63 ಶತಕೋಟಿ ಡಾಲರ್ ಕೊಟ್ಟು ಮೊನ್ಸಾಂಟೊವನ್ನು ನುಂಗಿತು. ಇವುಗಳ ಮೂಲ ಕಸುಬು ಬಹುತೇಕ ರಾಸಾಯನಿಕದ್ದು. ಬೀಜ ಮಾರುವವರೂ ಅವರೇ, ಅದಕ್ಕೆ ಹೊಡೆಯುವ ಔಷಧ ಮಾರುವವರೂ ಅವರೇ. ಔಷಧ ಬೇಡದ ಬೀಜವನ್ನು ಹುಡುಕಲು ಅವರಿಗೇನು ಅವಸರ? ಈಚೆಗೆ ಮಾಹಿತಿಯೂ ಸೇರಿಕೊಂಡಿದೆ. ಮೊನ್ಸಾಂಟೊ 2013ರಲ್ಲೇ ಹವಾಮಾನ ಮತ್ತು ಹೊಲದ ಲೆಕ್ಕ ಇಡುವ ಒಂದು ಕಂಪನಿಯನ್ನು ಹತ್ತಿರ ಹತ್ತಿರ 100 ಕೋಟಿ ಡಾಲರಿಗೆ ಕೊಂಡಿತ್ತು. ಯಂತ್ರದ ಕಥೆಯೂ ಇದೇ. ಟ್ರ್ಯಾಕ್ಟರ್ ಕೆಟ್ಟರೆ ರೈತ ತಾನೇ ರಿಪೇರಿ ಮಾಡುವ ಹಕ್ಕಿಗಾಗಿ ಕೊಲರಾಡೊ ರಾಜ್ಯ 2023ರಲ್ಲಿ ಕಾನೂನೇ ತರಬೇಕಾಯಿತು. ಸ್ಪ್ಯಾನರ್ ಹಿಡಿಯಲು ಅನುಮತಿ!

ಬೆಳೆ ಹೊಲದಿಂದ ಹೊರಟ ಮೇಲೂ ಇದೇ ಕಥೆ. ಅಮೆರಿಕದ ದನದ ಮಾಂಸದ ವ್ಯಾಪಾರದಲ್ಲಿ ನೂರಕ್ಕೆ ಸುಮಾರು 85 ಭಾಗ ನಾಲ್ಕು ಕಂಪನಿಗಳ ಕೈಯಲ್ಲಿದೆ. ಸಾಕುವವರು ಲಕ್ಷಗಟ್ಟಲೆ, ತಿನ್ನುವವರು ಕೋಟಿಗಟ್ಟಲೆ, ನಡುವಿನ ಬಾಗಿಲು ನಾಲ್ಕು. 2020ರ ಏಪ್ರಿಲಿನಲ್ಲಿ ಕೋವಿಡ್ ಬಂದು ಕೆಲವು ದೊಡ್ಡ ಕಸಾಯಿ ಕಾರ್ಖಾನೆಗಳು ಮುಚ್ಚಿದವು. ಸಾಕಿದವರು ಹಂದಿಗಳನ್ನು ಕೊಂದು ಹೂಳಿದರು. ಅಂಗಡಿಯ ಕಪಾಟು ಖಾಲಿ. ಶಾಲೆ, ಹೋಟೆಲು ಮುಚ್ಚಿದ್ದರಿಂದ ಹಾಲನ್ನು ಚರಂಡಿಗೆ ಚೆಲ್ಲಿದರು. ದೊಡ್ಡ ಡಬ್ಬಿಗೆ ತುಂಬುವ ಯಂತ್ರವನ್ನು ಮನೆಯ ಸಣ್ಣ ಪ್ಯಾಕೆಟ್ಟಿಗೆ ತಿರುಗಿಸಲು ಆಗಲಿಲ್ಲ. ಇದು ದಕ್ಷತೆಯ ಮಾದರಿ ಎಂದು ಲೇಖಕರು ಹೊಗಳಿದ ವ್ಯವಸ್ಥೆ. ಎಲ್ಲ ಸರಿಯಿದ್ದಾಗ ಅದು ದಕ್ಷ. ಒಂದು ಹಲ್ಲು ಮುರಿದರೆ ಇಡೀ ಗಾಲಿ ನಿಲ್ಲುತ್ತದೆ.

ಹಾಗಂತ ಎಲ್ಲವನ್ನೂ ಕಿತ್ತೆಸೆಯಿರಿ ಎನ್ನುತ್ತಿಲ್ಲ. ಶ್ರೀಲಂಕಾದಲ್ಲಿ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿದರು. ರೈತರಿಗೆ ತಯಾರಿ ಇಲ್ಲ, ಬದಲಿ ಗೊಬ್ಬರ ಸಾಕಷ್ಟಿಲ್ಲ. ಭತ್ತ, ಚಹಾ ಎರಡೂ ಕುಸಿದವು. ಅದೇ ವರ್ಷ ನವೆಂಬರಿನಲ್ಲಿ ಆದೇಶ ವಾಪಸ್. ಇಂಥ ದುಡುಕಿನಿಂದ ಸ್ಥಳೀಯ ಕೃಷಿಗೇ ಕೆಟ್ಟ ಹೆಸರು. ಇನ್ನೊಂದು ಮಾತನ್ನೂ ಒಪ್ಪಿಬಿಡುತ್ತೇನೆ. ಹತ್ತಿರದ ಆಹಾರ ತಿಂದರೆ ಲಾರಿಯ ಹೊಗೆ ಕಡಿಮೆ, ಅದೇ ದೊಡ್ಡ ಲಾಭ ಎಂದು ನಮ್ಮ ಕಡೆಯವರು ಹೇಳುತ್ತಾರೆ. ಅದು ಅಷ್ಟು ಗಟ್ಟಿ ವಾದ ಅಲ್ಲ. ಆಹಾರದಿಂದ ಆಗುವ ಹೊಗೆಯಲ್ಲಿ ಜಾಸ್ತಿ ಪಾಲು ಬೆಳೆಯುವ, ಸಾಕುವ ಹಂತದಲ್ಲೇ ಆಗುತ್ತದೆ. ನನ್ನ ವಾದ ಲಾರಿಯದ್ದಲ್ಲ. ಜುಟ್ಟು ಯಾರ ಕೈಯಲ್ಲಿದೆ ಅನ್ನುವುದು. ಬೀಜ ಕೊಳ್ಳಲು ಒಂದೇ ಕಡೆ, ಬೆಳೆ ಮಾರಲು ಒಂದೇ ಕಡೆ ಆದಾಗ ರೈತನಿಗೆ ಬೇಡ ಎನ್ನುವ ಬಾಯಿ ಇರುವುದಿಲ್ಲ. ಹತ್ತಿರದಲ್ಲೇ ಇನ್ನೊಂದು ದಾರಿ ಇದ್ದರೆ, ಅದು ಸಣ್ಣದೇ ಆಗಿರಲಿ, ದೊಡ್ಡ ದಾರಿಯವರೂ ಮರ್ಯಾದೆಯಿಂದ ಮಾತಾಡುತ್ತಾರೆ.

ಅಂಥ ದಾರಿ ಹವ್ಯಾಸದವರು ಮಾಡಿದ್ದೇ ಆಗಬೇಕಿಲ್ಲ. ಬ್ರೆಜಿಲಿನ ಬೆಲೊ ಹೊರಿಜೊಂಟೆ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಜನರ ನಗರ. 1993ರಲ್ಲಿ ಅಲ್ಲಿನ ನಗರಾಡಳಿತ ಊಟವನ್ನು ನಾಗರಿಕರ ಹಕ್ಕು ಎಂದು ಒಪ್ಪಿಕೊಂಡು, ಅದಕ್ಕೆಂದೇ ಒಂದು ಇಲಾಖೆ ಮಾಡಿತು. ಸುತ್ತಲಿನ ಸಣ್ಣ ರೈತರಿಗೆ ನಗರದ ಒಳ್ಳೆಯ ಜಾಗಗಳಲ್ಲಿ ನೇರ ಮಾರುವ ಅವಕಾಶ ಕೊಟ್ಟಿತು. ಕಡಿಮೆ ದರದ ಜನತಾ ಊಟದ ಮನೆಗಳನ್ನು ತೆರೆಯಿತು. ನಗರದ ಬಜೆಟ್ಟಿನಲ್ಲಿ ಇದಕ್ಕೆ ಹೋದದ್ದು ನೂರಕ್ಕೆ ಎರಡು ಭಾಗಕ್ಕಿಂತ ಕಡಿಮೆ. ಆಮೇಲೆ ಆ ದೇಶ 2009ರಲ್ಲಿ ಒಂದು ಕಾನೂನು ಮಾಡಿತು. ಶಾಲೆಯ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ನೂರಕ್ಕೆ ಕನಿಷ್ಠ 30 ಭಾಗವನ್ನು ಕುಟುಂಬ ಕೃಷಿಕರಿಂದಲೇ ಕೊಳ್ಳಲು ಬಳಸಬೇಕು ಎಂದು ಅದರಲ್ಲಿತ್ತು. ಮಕ್ಕಳು ಹೇಗೂ ದಿನಾ ಊಟ ಮಾಡುತ್ತಾರೆ. ಆ ದುಡ್ಡು ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸಿದರು, ಅಷ್ಟೇ. ಬಿತ್ತುವ ಮೊದಲೇ ಕೊಳ್ಳುವವರು ಗೊತ್ತಿದ್ದರೆ ರೈತನ ಲೆಕ್ಕಾಚಾರವೇ ಬದಲಾಗುತ್ತದೆ. ಜಪಾನಿನಲ್ಲಿ 1970ರ ದಶಕದಿಂದ ತೆಯಿಕೆಯಿ ಎಂಬ ಪದ್ಧತಿ ಇದೆ. ಒಂದಷ್ಟು ಮನೆಯವರು ಒಬ್ಬ ರೈತನೊಂದಿಗೆ ನೇರ ಮಾತಾಡಿಕೊಂಡು ಬೆಳೆದದ್ದನ್ನೆಲ್ಲ ತೆಗೆದುಕೊಳ್ಳುತ್ತಾರೆ. ಬೆಳೆ ಕೆಟ್ಟ ವರ್ಷ ಅವರಿಗೂ ಕಡಿಮೆಯೇ ಸಿಗುತ್ತದೆ. ನಷ್ಟ ಒಬ್ಬನ ತಲೆ ಮೇಲೆ ಬೀಳುವುದಿಲ್ಲ. ನನ್ನ ಆ ಮೂವರು ಬೆಳೆಗಾರರನ್ನು ನೆನೆದಾಗಲೆಲ್ಲ ನನಗೆ ಈ ತೆಯಿಕೆಯಿ ನೆನಪಾಗುತ್ತದೆ.

ಬೀಜದ ವಿಷಯದಲ್ಲಂತೂ ಕಂಪನಿಗಳಿಗೂ ಹಳೆಯ ತಳಿ ಬೇಕೇ ಬೇಕು. ಹೊಸ ರೋಗ ಬಂದಾಗ ತಡೆಯುವ ಗುಣವನ್ನು ಹುಡುಕುವುದು ಯಾವುದೋ ಮೂಲೆಯ ರೈತರು ಉಳಿಸಿಕೊಂಡು ಬಂದ ತಳಿಯಲ್ಲೋ ಕಾಡು ಗಿಡದಲ್ಲೋ. ರಷ್ಯಾದ ಲೆನಿನ್‌ಗ್ರಾಡ್‌ನಲ್ಲಿ ಸಸ್ಯ ವಿಜ್ಞಾನಿ ನಿಕೊಲಾಯ್ ವಾವಿಲೋವ್ ಕಟ್ಟಿದ ಬೀಜ ಭಂಡಾರವಿತ್ತು. 1941ರಲ್ಲಿ ನಗರಕ್ಕೆ ಮುತ್ತಿಗೆ ಬಿದ್ದಾಗ ಅಲ್ಲಿನ ಹಲವು ಸಿಬ್ಬಂದಿ ಕಾಳಿನ ಮೂಟೆಗಳ ನಡುವೆಯೇ ಹಸಿವಿನಿಂದ ಸತ್ತರು, ಬೀಜ ಮುಟ್ಟಲಿಲ್ಲ. ವಾವಿಲೋವ್ ಸ್ವತಃ 1943ರಲ್ಲಿ ಸ್ಟಾಲಿನ್‌ನ ಜೈಲಿನಲ್ಲಿ ಸತ್ತರು. ಈಗ ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ ಹೆಪ್ಪುಗಟ್ಟಿದ ಬೆಟ್ಟದೊಳಗೆ 2008ರಿಂದ ಬೀಜದ ಖಜಾನೆ ಇದೆ. ಸಿರಿಯಾದ ಅಲೆಪ್ಪೊ ಹತ್ತಿರದ ಬೀಜ ಬ್ಯಾಂಕು ಯುದ್ಧದಲ್ಲಿ ಕೈ ತಪ್ಪಿದಾಗ, 2015ರಲ್ಲಿ ಸ್ವಾಲ್‌ಬಾರ್ಡ್‌ನಿಂದ ಬೀಜ ವಾಪಸ್ ತಂದು ಲೆಬನಾನ್ ಮತ್ತು ಮೊರೊಕ್ಕೊದಲ್ಲಿ ಮತ್ತೆ ಬೆಳೆಸಿದರು. ಒಳ್ಳೆಯ ಕೆಲಸ. ಆದರೆ ಫ್ರೀಜರಿನಲ್ಲಿ ಮಲಗಿದ ಬೀಜಕ್ಕೆ ಹೊಸ ಮಳೆ, ಹೊಸ ಹುಳ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಪ್ರತಿ ವರ್ಷ ಹೊಲಕ್ಕೆ ಬಿದ್ದ ಬೀಜಕ್ಕೆ ಮಾತ್ರ.

ಆಗಬೇಕಾದದ್ದು ಏನು ಎಂದು ಕೇಳಿದರೆ ನನ್ನದು ಸಣ್ಣ ಸಣ್ಣ ಬೇಡಿಕೆ. ಬೀಜ ಬೆಳೆಸುವ ಒಪ್ಪಂದ ಬೆಳೆಗಾರರ ಭಾಷೆಯಲ್ಲಿ ಇರಲಿ. ಕಂಪನಿ ಕೊಡುವ ಪೇರೆಂಟ್ ಬೀಜದ ಒಂದು ಹಿಡಿಯನ್ನು ಅದೇ ದಿನ ಇಬ್ಬರ ಮುಂದೆ ಸೀಲ್ ಮಾಡಿ ಮೂರನೆಯವರ ಹತ್ತಿರ ಇಡಲಿ. ಲಾಟ್ ಫೇಲ್ ಆದರೆ ಆ ಹಿಡಿಯನ್ನೂ ಬಿತ್ತಿ ನೋಡಲಿ. ತಪ್ಪು ಯಾರದೆಂದು ಗಿಡವೇ ಹೇಳುತ್ತದೆ. ಆ ದಿನ ಹೀಗೊಂದು ಹಿಡಿ ಇದ್ದಿದ್ದರೆ ನನ್ನ ಸಹಿಗೆ ಬೆಲೆಯೇ ಇರುತ್ತಿರಲಿಲ್ಲ. ಇದಕ್ಕೆ ಖರ್ಚು ಏನೂ ಇಲ್ಲ. ಖರ್ಚಿನ ಕೆಲಸ ಇನ್ನೊಂದು ಇದೆ. ಉಳಿಸಿಕೊಂಡು ಬಿತ್ತಬಹುದಾದ ತಳಿಗಳ ಮೇಲೆ ಕೆಲಸ ಮಾಡಲು ಸಾರ್ವಜನಿಕ ಸಂಶೋಧನೆಗೆ ದುಡ್ಡು ಬೇಕು. ಲಾಭ ಇಲ್ಲದ್ದರಿಂದ ಆ ಕೆಲಸವನ್ನು ಕಂಪನಿ ಮಾಡುವುದಿಲ್ಲ. ಅದು ತಪ್ಪೂ ಅಲ್ಲ, ಅದರ ಕಸುಬೇ ಬೇರೆ. ಸರ್ಕಾರವೂ ಮಾಡದಿದ್ದರೆ ಇನ್ಯಾರು ಮಾಡಬೇಕು? ಶಾಲೆ, ಆಸ್ಪತ್ರೆ, ಜೈಲಿನ ಅಡುಗೆಮನೆಗಳು ಒಂದು ಪಾಲನ್ನಾದರೂ ಹತ್ತಿರದ ಸಣ್ಣ ರೈತರಿಂದ ಕೊಳ್ಳಲಿ. ಬ್ರೆಜಿಲ್ ಮಾಡಿದ್ದನ್ನು ಬೇರೆಯವರು ಮಾಡಲಾಗದು ಎನ್ನಲು ಕಾರಣ ನನಗೆ ಕಾಣುತ್ತಿಲ್ಲ.

ಪತ್ರ ಉದ್ದವಾಯಿತು. ಜಾಗ ಸಾಲದಿದ್ದರೆ ಕೋರ್ಟಿನ ಕಥೆಗಳನ್ನು ಕತ್ತರಿಸಿ, ಕಂಪನಿಗಳ ಮದುವೆಯ ಲೆಕ್ಕ ಬಿಟ್ಟುಬಿಡಿ. ಬದುವಿನ ಮೇಲೆ ಕೂತು ಆ ಹಿರಿಯರು ಕೇಳಿದ ಪ್ರಶ್ನೆಯೊಂದನ್ನು ಮಾತ್ರ ಉಳಿಸಿ. ನನ್ನ ಹಳೆಯ ಡೈರಿಯಲ್ಲಿ ಆ ಎರಡು ಪೊಟ್ಟಣಗಳ ನಂಬರು ಇನ್ನೂ ಇದೆ. ಅವರ ಮಗಳಿಗೆ ಹೇಳಲು ಹೆಸರು ಇಲ್ಲ.

ಇಂತಿ,
ನಿವೃತ್ತ ಬೀಜೋತ್ಪಾದನಾ ಮೇಲ್ವಿಚಾರಕ